ಉದ್ದೇಶ: ಅಡಿಕೆ ಧಾರಣೆ

ಕೊಪ್ಪದಲ್ಲಿ ಆಗ ಸೈಬರ್ ಕೆಫೆ ನಡೆಸುತ್ತಿದ್ದವರೊಬ್ಬರಿಗೆ ಕಾನೂನೆಂದರೆ ಬಹಳ ಮರ್ಯಾದೆ. ಕ್ಯಾಬಿನ್‌ಗಳ ಬಾಗಿಲು ಕಿತ್ತುಹಾಕಬೇಕೆಂದು ಆದೇಶ ಬಂದ ಮರುದಿನವೇ ಕಿತ್ತುಹಾಕಿಸಿಬಿಟ್ಟರು. ಆದರೆ ನಮ್ಮ ಬೆನ್ನ ಹಿಂದೆ ಓಡಾಡುವಾಗ ತಮ್ಮ ದಪ್ಪ ಗಾಜಿನ ಕನ್ನಡಕ ಕಳಚಿ ಜೇಬಿಗೆ ಹಾಕಿಕೊಳ್ಳುತ್ತಿದ್ದರು. "ಕಂಡ್ರಲ್ವಾ ಹೇಳೋದು ಮಾರಾಯ" ಎನ್ನುವುದು ಅವರ ಮಾತು.

ಬಂದವರ ಹೆಸರು, ವಿಳಾಸ, ಉದ್ದೇಶ ಬರೆದಿಡುವ ರಿಜಿಸ್ಟರನ್ನೂ ದುಂಡಗಿನ ಅಕ್ಷರದಲ್ಲಿ ಅವರೇ ತುಂಬುತ್ತಿದ್ದರು; ನಾವು ಸಹಿ ಹಾಕಿದರಾಯಿತು. ಉದ್ದೇಶ ಮಾತ್ರ ಎಲ್ಲರದೂ ಒಂದೇ: ಅಡಿಕೆ ಧಾರಣೆ ನೋಡಲು. ಪ್ರೇಮಪತ್ರ ಕಳಿಸಲು ಬಂದ ಕಾಲೇಜು ಹುಡುಗಿಯದೂ ಅದೇ, ಜಾತಕ ಹೊಂದಿಸಲು ಬಂದ ಭಟ್ಟರದೂ ಅದೇ.

ಒಮ್ಮೆ ನಾನು ರಸ್ತೆ ಕಂಟ್ರಾಕ್ಟರನ ಮೇಲೆ ಅಲ್ಲಿಂದಲೇ ಹೆಸರಿಲ್ಲದ ದೂರೊಂದನ್ನು ಇ-ಮೇಲ್ ಮಾಡಿದ್ದೆ. ವಾರದೊಳಗೆ ಪೊಲೀಸಿನವನೊಬ್ಬ ಬರೆದವರನ್ನು ಹುಡುಕಿಕೊಂಡು ಬಂದ. ನಾನು ಅಲ್ಲೇ ಕುಳಿತಿದ್ದೆ.

ನಮ್ಮ ಹಿಂದೆ ಓಡಾಡುತ್ತಿದ್ದ ಅವರು ಹಾಗೇ ಬಂದು, ವಿನಯದಿಂದ ರಿಜಿಸ್ಟರ್ ಕೊಟ್ಟರು. ಆತ ಪುಟ ತಿರುವಿದ.

"ಏನ್ರೀ ಇದು? ಇಡೀ ಊರು ಅಡಿಕೆ ಧಾರಣೆ ನೋಡೋಕೇ ಬರುತ್ತಾ?"

"ಧಾರಣೆ ಏರಿಳಿತ ಜಾಸ್ತಿ ಅಲ್ವಾ ಸಾರ್."

ಇನ್ನೊಂದು ಪುಟ ತಿರುವಿದವನ ಕೈ ತಟ್ಟನೆ ನಿಂತಿತು. ಹಿಂದಿನ ಭಾನುವಾರದ ಸಾಲಿನಲ್ಲಿ ಆತನದೇ ಹೆಸರು, ಆತನದೇ ಸಹಿ, ಪಕ್ಕದಲ್ಲಿ ಅಡಿಕೆ ಧಾರಣೆ. ಬಯಲುಸೀಮೆಯಿಂದ ವರ್ಗವಾಗಿ ಬಂದಿದ್ದ ಆತನಿಗೆ ಒಂದು ಅಡಿಕೆ ಮರವೂ ಇರಲಿಲ್ಲ.

ರಿಜಿಸ್ಟರ್ ಮುಚ್ಚಿ ಮೆಲ್ಲಗೆ ಕೇಳಿದ: "ಅವತ್ತು ನಾನು ನೋಡಿದ್ದು ನಿಮಗೆ ಕಾಣಿಸ್ತೇನ್ರೀ?"

ಅವರು ಜೇಬಿನಿಂದ ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ಆತನ ಮುಖವನ್ನೇ ನೋಡಿದರು.

"ಓ, ನೀವಾ ಸಾರ್! ಯಾವಾಗ ಬಂದ್ರಿ?"