ಕಾಂದಿವಲಿಯಿಂದ ಭಾಂಡುಪ್‌ಗೆ ಒಂದು ಮೊರದ ಬಾಗಿನ

ನಕ್ಷೆಯಲ್ಲಿ ನೋಡಿದರೆ ಕಾಂದಿವಲಿ, ಭಾಂಡುಪ್ ಎರಡೂ ಅಂಥ ದೂರದ ಊರುಗಳಲ್ಲ. ಆದರೆ ಒಂದು ಪಶ್ಚಿಮದ ರೈಲುದಾರಿಯ ಮೇಲಿದೆ, ಇನ್ನೊಂದು ಪೂರ್ವದ ದಾರಿಯ ಮೇಲೆ. ನಡುವೆ ಗುಡ್ಡ, ಕಾಡು, ಕೆರೆ. ಲೋಕಲ್ಲಿನಲ್ಲಿ ಹೋಗುವವನು ದಾದರಿನವರೆಗೆ ಹೋಗಿ, ಸೇತುವೆ ಹತ್ತಿಳಿದು, ಗಾಡಿ ಬದಲಿಸಿ, ಮತ್ತೆ ಅಷ್ಟೇ ದೂರ ಮೇಲಕ್ಕೆ ಬರಬೇಕು. ಸುತ್ತಿ ಬಳಸಿ ಮೂಗು ಹಿಡಿಯುವ ಕೆಲಸ. ನನಗೆ ಅದು ಸರಿಬರುತ್ತಿರಲಿಲ್ಲ, ಸೈಕಲ್ ತುಳಿಯುತ್ತಿದ್ದೆ.

ಐವತ್ತರ ದಶಕದ ಮಾತು. ನಾನು ಕಾಂದಿವಲಿಯ ಒಂದು ಕಾರ್ಖಾನೆಯಲ್ಲಿ ಗುಮಾಸ್ತ, ಚಾಳಿನ ಒಂದು ಕೋಣೆಯಲ್ಲಿ ಅಮ್ಮನ ಜೊತೆ ವಾಸ. ಅಲ್ಲಿಂದ ಘೋಡಬಂದರ್ ರಸ್ತೆ ಹಿಡಿದರೆ ಗೋರೆಗಾಂವ್‌ವರೆಗೆ ದಾರಿ ಸಮ, ಮನಸ್ಸಿಗೆ ಏನೂ ಕೆಲಸವಿಲ್ಲ. ಅಲ್ಲಿ ಎಡಕ್ಕೆ ತಿರುಗಿದರೆ ಹಾಲಿನ ಕಾಲೊನಿಯ ಗುಡ್ಡಗಳು ಶುರುವಾಗುತ್ತವೆ. ಇಳಿಜಾರಿನ ತುಂಬ ಹುಲ್ಲು, ಎಮ್ಮೆಗಳ ಉದ್ದುದ್ದ ಕೊಟ್ಟಿಗೆ, ಹೊಸ ಡಾಂಬರು. ಒಂದು ಏರು ಮುಗಿಯಿತು ಅನ್ನುವಷ್ಟರಲ್ಲಿ ಇಳಿತ, ಇಳಿತದ ಸುಖ ಅನುಭವಿಸುವ ಮೊದಲೇ ಇನ್ನೊಂದು ಏರು. ಗುಡ್ಡ ದಾಟಿದರೆ ಮರೋಳದ ಹಳ್ಳಿಗಳು: ಭತ್ತದ ಗದ್ದೆ, ತಾಳೆಮರ, ದಾರಿಬದಿಯಲ್ಲಿ ಸುಣ್ಣ ಬಳಿದ ಶಿಲುಬೆ. ಆಮೇಲೆ ಪವಾಯಿ ಕೆರೆಯ ದಂಡೆ. ಅಲ್ಲಿಂದ ಕಾಂಜೂರಿಗೆ ಇಳಿದು ಆಗ್ರಾ ರಸ್ತೆ ಸೇರಿದರೆ ಎಡಕ್ಕೆ ಭಾಂಡುಪ್. ಅಂಧೇರಿಯ ಮೇಲಿಂದ ಸಪಾಟಾದ ದಾರಿಯೂ ಇತ್ತು. ಅದರಲ್ಲಿ ಕಲ್ಲುಗಣಿಯ ಲಾರಿಗಳು ಮೈಮೇಲೇ ಬರುತ್ತಿದ್ದವು. ಲಾರಿಯವನ ಬೈಗುಳಕ್ಕಿಂತ ಗುಡ್ಡ ಮೇಲು ಎಂದು ನಾನು ಮೊದಲೇ ತೀರ್ಮಾನಿಸಿದ್ದೆ.

ಭಾಂಡುಪಿನಲ್ಲಿ ನನ್ನ ಅಕ್ಕನ ಮನೆ. ಭಾವ ಅಲ್ಲಿಯ ಒಂದು ಕಾರ್ಖಾನೆಯಲ್ಲಿ ಫೋರ್‌ಮನ್; ಕ್ವಾರ್ಟರ್ಸಿನಲ್ಲಿ ಅವರು, ಅಕ್ಕ, ಅಕ್ಕನ ಅತ್ತೆ. ನಾವು ಮೈಸೂರು ಕಡೆಯವರು. ಗೌರಿ ಹಬ್ಬಕ್ಕೆ ತವರಿನಿಂದ ಹೆಣ್ಣುಮಗಳಿಗೆ ಮೊರದ ಬಾಗಿನ ಹೋಗಲೇಬೇಕು. ಅರಿಸಿನ ಬಳಿದ ಎರಡು ಬಿದಿರಿನ ಮೊರ. ಒಂದರೊಳಗೆ ಅಕ್ಕಿ, ಬೇಳೆ, ಬೆಲ್ಲ, ತೆಂಗಿನಕಾಯಿ, ಬಳೆ, ಬಿಚ್ಚೋಲೆ, ಕನ್ನಡಿ, ರವಿಕೆ ಕಣ ಇಟ್ಟು, ಇನ್ನೊಂದನ್ನು ಮೇಲೆ ಮುಚ್ಚಿ ಕಟ್ಟುವುದು. ಅಕ್ಕ ಭಾಂಡುಪಿಗೆ ಬಂದ ಮೊದಲ ವರ್ಷ ಅಮ್ಮ ಅದನ್ನು ನನ್ನ ಕೈಲಿ ಲೋಕಲ್ಲಿನಲ್ಲಿ ಕಳಿಸಿದಳು. ದಾದರಿನ ನೂಕುನುಗ್ಗಲಿನಲ್ಲಿ ಒಳಗಿದ್ದ ಗಾಜಿನ ಬಳೆಗಳು ಹೆಚ್ಚಿದವು. ಬಳೆ ಒಡೆಯಿತು ಅನ್ನಬಾರದು, ಹೆಚ್ಚಿತು ಅನ್ನಬೇಕು. ಆದರೆ ಹಾಗೆಂದ ಮಾತ್ರಕ್ಕೆ ಯಾರಿಗೂ ಸಮಾಧಾನವಾಗಲಿಲ್ಲ. ಮರುವರ್ಷದಿಂದ ಬಾಗಿನ ಸೈಕಲ್ಲಿನ ಕ್ಯಾರಿಯರ್ ಮೇಲೆ, ಗುಡ್ಡದ ದಾರಿಯಲ್ಲಿ ಹೋಗತೊಡಗಿತು.

ನಾನು ಗೊಣಗುತ್ತಲೇ ಒಯ್ಯುತ್ತಿದ್ದೆ. ಭಾದ್ರಪದದಲ್ಲಿ ಮಳೆ ಇರುತ್ತದೆ. ಮೊರಗಳಿಗೆ ಗಾಳಿ ಹಿಡಿದು ಸೈಕಲ್ ಒಂದು ಕಡೆಗೆ ಎಳೆಯುತ್ತದೆ. ಇಳಿಜಾರಿನಲ್ಲಿ ಬ್ರೇಕು ಒತ್ತಿಕೊಂಡು ಮುದುಕರಂತೆ ಇಳಿಯಬೇಕು. ಇದನ್ನೆಲ್ಲ ಅಕ್ಕನ ಮನೆಯಲ್ಲಿ ಕಾಫಿ ಕುಡಿಯುತ್ತ ಪ್ರತಿ ವರ್ಷವೂ ಹೇಳುತ್ತಿದ್ದೆ. ಅಕ್ಕ ನಗುತ್ತಿದ್ದಳು.

ಆಮೇಲೆ ಅಮ್ಮ ತೀರಿಕೊಂಡಳು. ಅಪ್ಪ ಮೊದಲೇ ಹೋಗಿದ್ದರು. ಆ ವರ್ಷ ನಮಗೆ ಹಬ್ಬವಿರಲಿಲ್ಲ, ಬಾಗಿನವೂ ಇರಲಿಲ್ಲ, ಯಾರೂ ಕೇಳುವಂತಿರಲಿಲ್ಲ. ವರ್ಷಾಂತಿಕ ಮುಗಿದ ಮೇಲಿನ ಗೌರಿಗೆ ಮಾತ್ರ ಎಲ್ಲರೂ ನೋಡುತ್ತಾರೆ. ಸಂಕ್ರಾಂತಿಗೆ ಭಾಂಡುಪಿಗೆ ಹೋಗಿದ್ದಾಗ ಅಕ್ಕನ ಅತ್ತೆ ಪಕ್ಕದ ಮನೆಯವರಿಗೆ ಹೇಳುತ್ತಿದ್ದದ್ದು ನನ್ನ ಕಿವಿಗೆ ಬಿದ್ದಿತ್ತು: "ತವರು ಅಂತ ಒಂದಿದ್ರೆ ತಾನೇ ಬಾಗಿನ ಬರೋದು. ಆ ಹುಡುಗನಿಗೇನು ಗೊತ್ತಾಗತ್ತೆ, ಪಾಪ." ಆ 'ಪಾಪ' ಕೇಳಿ ನನಗೆ ಮೈ ಉರಿಯಿತು. ಅಕ್ಕ ಒಳಗೆ ಎಳ್ಳು ಹುರಿಯುತ್ತಿದ್ದಳು, ಅವಳಿಗೂ ಕೇಳಿಸಿರಬೇಕು. ಈ ಗೌರಿಗೆ ಬಾಗಿನ ಬರದಿದ್ದರೆ ಆ ಮನೆಯಲ್ಲಿ ಅವಳು ತಲೆ ತಗ್ಗಿಸಿಕೊಂಡೇ ಇರಬೇಕಾಗುತ್ತಿತ್ತು.

ಬಾಗಿನ ನಾನೇ ಸಿದ್ಧ ಮಾಡಿದೆ. ಅಮ್ಮ ಹೋದ ಮೇಲೆ ನನ್ನ ಜೊತೆ ಕೋಣೆ ಹಂಚಿಕೊಂಡಿದ್ದವನು ಉಡುಪಿ ಕಡೆಯವನು, ಸ್ಟೇಷನ್ ಪಕ್ಕದ ಹೋಟೆಲಿನಲ್ಲಿ ದೋಸೆ ಹುಯ್ಯುತ್ತಿದ್ದ. ಮೊರಕ್ಕೆ ಅವರ ತುಳುವಿನಲ್ಲಿ ತಡ್ಪೆ ಅನ್ನುತ್ತಾರೆ. ನಾನು ನೆಲದ ಮೇಲೆ ಕೂತು ಅರಿಸಿನ ಬಳಿಯುತ್ತಿದ್ದರೆ ಅವನು ಬಾಗಿಲಲ್ಲಿ ನಿಂತು ನೋಡಿದ.

"ಎರಡು ತಡ್ಪೆ ಕಟ್ಟಿ ಎಂತ ಮಾಡುವುದು ಮಾರಾಯ? ಹಾರುವುದಾ?"

"ಅಕ್ಕನಿಗೆ ಕೊಡೋದು."

"ಒಂದು ಸೀರೆ ಕೊಟ್ಟರೆ ಆಗುವುದಿಲ್ವಾ?"

"ಆಗಲ್ಲ."

"ನಿಮ್ಮ ಕಡೆಯವರದ್ದು ಭಾರೀ ಕಷ್ಟ ಉಂಟು," ಎಂದವನು ಹೋಟೆಲಿನಿಂದ ಮೇಜಿಗೆ ಹಾಸುವ ಹಳೆಯ ಮೇಣದ ಬಟ್ಟೆಯೊಂದನ್ನು ತಂದು, ಮಳೆಗೆ ನೆನೆಯದಂತೆ ತಾನೇ ಸುತ್ತಿ ಕಟ್ಟಿಕೊಟ್ಟ. ಸಾಂಬಾರಿನ ವಾಸನೆ ಸ್ವಲ್ಪ ಇತ್ತು.

ಹಿಂದಿನ ದಿನವೇ ಹೋಗುವುದೆಂದಿದ್ದೆ. ಕಾರ್ಖಾನೆಯಲ್ಲಿ ಬಿಡಲಿಲ್ಲ. ಬರುತ್ತೇನೆಂದು ಅಕ್ಕನಿಗೆ ತಿಳಿಸಬೇಕೆಂದು ಹೊಳೆಯಲೂ ಇಲ್ಲ; ಅಮ್ಮನ ಕಾಲದಲ್ಲಿ ಯಾರೂ ತಿಳಿಸುತ್ತಿರಲಿಲ್ಲ, ಬಾಗಿನ ಬರುತ್ತಿತ್ತು, ಅಷ್ಟೆ. ಹಬ್ಬದ ದಿನ ಬೆಳಕು ಹರಿಯುವಾಗ ಹೊರಟೆ. ಪೂಜೆಗೆ ಮೊದಲು ಅದು ಗೌರಿಯ ಮುಂದೆ ಇರಬೇಕು.

ಗುಡ್ಡ ಹತ್ತುವಾಗ ಮಳೆ ಹಿಡಿಯಿತು. ಹುಲ್ಲು ಕಣ್ಣಿಗೆ ರಾಚುವಷ್ಟು ಹಸಿರಾಗಿತ್ತು. ಎಮ್ಮೆಗಳು ಕೊಟ್ಟಿಗೆಯಿಂದ ತಲೆ ಹೊರಹಾಕಿ ನನ್ನನ್ನು ನೋಡಿದವು. ಮೂರನೆಯ ಏರಿನಲ್ಲಿ ಇಳಿದು ತಳ್ಳಿದೆ. ಒಬ್ಬನೇ ಆಗಿದ್ದರೆ ತುಳಿದೇ ಹತ್ತುತ್ತಿದ್ದೆ, ಆದರೆ ಏರಿನಲ್ಲಿ ಸೈಕಲ್ ಅತ್ತಿತ್ತ ಹೊಯ್ದಾಡಿದರೆ ಬಳೆಯ ಗತಿ ಏನು. ಗುಡ್ಡದ ಆಚೆ ತಗ್ಗಿನಲ್ಲಿ ಹಳ್ಳ ರಸ್ತೆಯ ಮೇಲೇ ಹರಿಯುತ್ತಿತ್ತು. ಹಾಲಿನ ಗಾಡಿಯವನೊಬ್ಬ ಈಚೆ ದಂಡೆಯಲ್ಲಿ ಎತ್ತು ನಿಲ್ಲಿಸಿ ಬೀಡಿ ಸೇದುತ್ತ ಕೂತಿದ್ದ. ನೀರು ಯಾವಾಗ ಇಳಿಯುತ್ತದೆ ಎಂದು ಹಿಂದಿಯಲ್ಲಿ ಕೇಳಿದೆ. ಇಳಿದಾಗ ಇಳಿಯುತ್ತದೆ ಎಂದ.

ಕಾದೆ. ಕಾಯುವುದು ನನಗೆ ಯಾವತ್ತೂ ಒಗ್ಗಿದ್ದಲ್ಲ. ಕಡೆಗೆ ತಲೆ ಕೆಟ್ಟು, ಬಾಗಿನವನ್ನು ಕ್ಯಾರಿಯರಿನಿಂದ ಬಿಚ್ಚಿ ತಲೆಯ ಮೇಲಿಟ್ಟುಕೊಂಡು ನೀರಿಗಿಳಿದೆ. ಮಂಡಿಯ ಮೇಲೆ ನೀರು, ಕಾಲಡಿಯಲ್ಲಿ ಜಾರುವ ಕಲ್ಲು. ಆಚೆ ದಂಡೆಯ ಬಂಡೆಯ ಮೇಲೆ ಅದನ್ನಿಟ್ಟು, ಸೈಕಲ್ಲಿಗಾಗಿ ವಾಪಸು ಬಂದೆ. ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ದಾಟುವಾಗ, ಬಂಡೆಯ ಹತ್ತಿರ ಒಂದು ಮೇಕೆ ಬರುವುದು ಕಂಡಿತು. ನಾನು ಅರಚಿದೆ. ಗಾಡಿಯವನು ನಕ್ಕ. ಮೇಕೆ ಮೇಣದ ಬಟ್ಟೆಯನ್ನು ಮೂಸಿ, ಸಾಂಬಾರಿನ ವಾಸನೆ ಹಿಡಿಸದೆ ಹೊರಟುಹೋಯಿತು.

ಪವಾಯಿ ಕೆರೆ ದಾಟಿ ಭಾಂಡುಪ್ ಮುಟ್ಟುವಾಗ ಬಿಸಿಲು ಬಂದಿತ್ತು. ಕ್ವಾರ್ಟರ್ಸಿನ ಗೇಟಿನ ಪಕ್ಕ ಸೈಕಲ್ ನಿಲ್ಲಿಸಿ, ಬಾಗಿನವನ್ನು ಹಾಗೇ ಬಿಟ್ಟೆ. ಕೆಸರುಕಾಲಿನಲ್ಲಿ ಅದನ್ನು ಹಿಡಿದು ಒಳಗೆ ಹೋಗುವಂತಿರಲಿಲ್ಲ. ಬಾಗಿಲ ಬಳಿ ಕಾಲು ತೊಳೆಯುತ್ತಿದ್ದಾಗ ಅಕ್ಕನ ಅತ್ತೆ ಹೊರಗೆ ಬಂದರು. ಮುಖ ಎಂದಿಗಿಂತ ಪ್ರಸನ್ನವಾಗಿತ್ತು.

"ಏನಪ್ಪಾ, ಈ ಮಳೇಲಿ ನೀನೂ ಬಂದ್ಯಾ? ಬಾಗಿನ ನಿನ್ನೆನೇ ಬಂತಲ್ಲ. ನಿಮ್ಮ ಆಫೀಸಿನವರ ಕೈಲಿ ಕಳಿಸಿದ್ಯಂತೆ. ಚೆನ್ನಾಗಿದೆ ಕಣಪ್ಪ, ನಿಮ್ಮಮ್ಮ ಕೊಡೋ ಹಾಗೇ ಇದೆ."

ಅವರ ಭುಜದ ಹಿಂದೆ ಗೌರಿಯ ಮಂಟಪ ಕಾಣುತ್ತಿತ್ತು. ಅದರ ಮುಂದೆ ಅರಿಸಿನ ಬಳಿದ ಜೋಡಿ ಮೊರ. ಪಕ್ಕದಲ್ಲಿ ಅಕ್ಕ, ಕೈಯಲ್ಲಿ ಹೂವಿನ ತಟ್ಟೆ, ನನ್ನನ್ನೇ ನೋಡುತ್ತಿದ್ದಳು. ಅವಳ ಮುಖದಲ್ಲಿ ರಕ್ತವಿರಲಿಲ್ಲ. ನನಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು: ಅವಳೇ ಬಜಾರಿನಿಂದ ಎಲ್ಲ ತಂದು, ಅವಳೇ ಕಟ್ಟಿ, ತವರಿನದು ಎಂದು ಇಟ್ಟಿದ್ದಳು. ನನಗೆ ಸಿಟ್ಟು ಬಂತು, ಅಳುವೂ ಬಂತು. ಯಾವುದು ಮೊದಲು ಬಂತೋ ಗೊತ್ತಿಲ್ಲ.

"ಹೌದು ಅತ್ತೆ," ಎಂದೆ. "ಸರಿಯಾಗಿ ತಲುಪ್ತೋ ಇಲ್ವೋ, ನೋಡ್ಕೊಂಡು ಹೋಗೋಣ ಅಂತ ಬಂದೆ."

ಪೂಜೆ ಮುಗಿಯುವವರೆಗೆ ಕೂತು ಊಟ ಮಾಡಿದೆ. ಒಬ್ಬಟ್ಟು ಚೆನ್ನಾಗಿತ್ತು. ಹೊರಟಾಗ ಅಕ್ಕ ಗೇಟಿನವರೆಗೆ ಬಂದಳು. ಕ್ಯಾರಿಯರ್ ಮೇಲಿನ ಕಟ್ಟು ನೋಡಿ ನಿಂತುಬಿಟ್ಟಳು. ಮೇಣದ ಬಟ್ಟೆಯ ಮೇಲೆ ಅಂಗೈ ಇಟ್ಟು, ಅಂಚನ್ನು ತಡವಿದಳು.

"ಮೊರನೇ?"

"ಮೊರನೇ."

"ನೀನು ತರ್ತೀಯ ಅಂತ ನಂಗೆ ಅನ್ನಿಸ್ಲೇ ಇಲ್ಲ ಕಣೋ. ಪ್ರತಿ ಸಲ ಅಷ್ಟು ಗೊಣಗ್ತಿದ್ದೆ."

"ಗೊಣಗ್ಲಿಲ್ಲ ಅಂದ್ರೆ ಸೈಕಲ್ ಏರು ಹತ್ತಲ್ಲ," ಎಂದೆ.

ಅವಳು ನಗಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು ಮನೆಯ ಬಾಗಿಲ ಕಡೆ ಒಮ್ಮೆ ನೋಡಿದಳು. "ಇದನ್ನ ಒಳಗೆ ತಗೊಳ್ಳೋ ಹಾಗಿಲ್ಲ. ವಾಪಸ್ಸೂ ಒಯ್ಯಬಾರ್ದು. ದಾರೀಲಿ ಯಾರಾದ್ರೂ ಮುತ್ತೈದೆಗೆ ಕೊಟ್ಟುಬಿಡು. ಮುಂದಿನ ವರ್ಷ ನಾನು ಮಾಡಲ್ಲ. ಕಾಯ್ತೀನಿ."

ಪವಾಯಿಯ ಏರಿನಲ್ಲಿ ಸೈಕಲ್ ತಳ್ಳಿಕೊಂಡು ಬಂದೆ. ಮೇಲೆ, ಮರದ ಕೆಳಗೆ ಒಬ್ಬ ಹೆಂಗಸು ಸೌತೆಕಾಯಿ ಗುಡ್ಡೆ ಹಾಕಿಕೊಂಡು ಕೂತಿದ್ದಳು. ಹಣೆಯಲ್ಲಿ ಕುಂಕುಮ, ಕೈತುಂಬ ಹಸಿರು ಬಳೆ. ಕಟ್ಟು ಬಿಚ್ಚಿ ಅವಳ ಮುಂದೆ ಇಟ್ಟೆ. ಬಳೆಗಳು ಒಂದೂ ಹೆಚ್ಚಿರಲಿಲ್ಲ. ಅವಳ ಕಡೆಯವರಿಗೂ ಅದು ಗೌರಿಯ ವ್ರತದ ದಿನವಾದ್ದರಿಂದ ವಿವರಿಸಬೇಕಾಗಲಿಲ್ಲ. ಸೆರಗು ತಲೆಗೆ ಹೊದ್ದು, ಎರಡೂ ಕೈ ಚಾಚಿ ತೆಗೆದುಕೊಂಡಳು. ಆಮೇಲೆ ನನ್ನ ಒದ್ದೆ ಪ್ಯಾಂಟು, ಕೆಸರು ಮೆತ್ತಿದ ಸೈಕಲ್ಲು ನೋಡಿ, ಮರಾಠಿಯಲ್ಲಿ ಮೆತ್ತಗೆ, ನಿನಗೆ ಅಕ್ಕತಂಗಿ ಯಾರೂ ಇಲ್ಲವೇನಪ್ಪಾ ಎಂದು ಕೇಳಿದಳು.

"ಆಹೆ," ಎಂದೆ. ಇದ್ದಾಳೆ. ಮುಂದಿನ ವರ್ಷ ಅವಳು ಕಾಯುತ್ತಿರುತ್ತಾಳೆ ಎಂದೂ ಹೇಳಬೇಕೆನಿಸಿತು. ನನ್ನ ಮರಾಠಿ ಅಷ್ಟು ದೂರ ಬರುತ್ತಿರಲಿಲ್ಲ.