ಬಾಗಿಲ ಮೇಲಿನ ಮಕ್ಕಳು

ಗಾಡಿಗೆ ಸ್ಟಿಕ್ಕರ್ ಅಂಟಿಸೋಕೆ ಯಾರಿಗೆ ಬರೋಲ್ಲ ಹೇಳಿ? ಒಂದಿಷ್ಟು ಸೋಪುನೀರು ಚಿಮುಕಿಸಿ, ನಾಲ್ಕು ಸಲ ಸವರಿ, ಪಕ್ಕ ನಿಂತು ಫೋಟೊ ತೆಗೆಸಿಕೊಂಡರೆ ಮುಗೀತು. ಅದೇ ಸ್ಟಿಕ್ಕರ್ ವರ್ಷಗಟ್ಟಲೆ ಬಿಸಿಲಲ್ಲಿ ಬೆಂದು, ಮುಟ್ಟಿದರೆ ಪುಡಿಪುಡಿಯಾಗಿ, ಅಡಿಯ ಅಂಟು ಬಣ್ಣದ ಜೊತೆ ಸಂಸಾರ ಹೂಡಿದ ಮೇಲೆ ಕೀಳೋದಿದೆಯಲ್ಲ, ಅದಕ್ಕೆ ಸಿಡಿಲಕ್ಕನೇ ಬೇಕು.

ಸಿಡಿಲಕ್ಕ ಅನ್ನೋದು ಗ್ಯಾರೇಜು ಸಾಲಿನವರು ಇಟ್ಟ ಹೆಸರು. ಎದುರಿಗೆ ಅಕ್ಕ, ಬೆನ್ನ ಹಿಂದೆ ಸಿಡಿಲಕ್ಕ. ಇಟ್ಟಿದ್ದರಲ್ಲಿ ತಪ್ಪೇನೂ ಇಲ್ಲ ಬಿಡಿ. ಒಬ್ಬ ಮಹಾರಾಯ ಅಡುಗೆಮನೆ ಚಾಕುವಲ್ಲಿ ತಾನೇ ಕೆರೆದು, ಕಾರಿನ ಮೈತುಂಬ ಗೀರು ಮಾಡಿಕೊಂಡು ಬಂದಿದ್ದ. "ಆ ಚಾಕು ನಿನ್ನ ಗಲ್ಲಕ್ಕೆ ಹಾಕಿಕೊಂಡಿದ್ರೆ ಗಡ್ಡ ಆದ್ರೂ ಹೋಗ್ತಿತ್ತಲ್ಲೋ!" ಅಂದಳು. ಅವನು ಮುಖ ಸಣ್ಣಗೆ ಮಾಡಿಕೊಂಡ. ಆದರೂ ಗಾಡಿ ಅಲ್ಲೇ ಬಿಟ್ಟು ಹೋದ.

ಮನುಷ್ಯರ ಹತ್ತಿರ ಚಿಟಿಕೆಯಷ್ಟೂ ತಾಳ್ಮೆ ಇಲ್ಲದವಳಿಗೆ ಬಣ್ಣದ ಹತ್ತಿರ ಮಾತ್ರ ಅದೆಲ್ಲಿಂದ ಬರುತ್ತಿತ್ತೋ! ಹೀಟ್ ಗನ್ನಿನಿಂದ ಬಿಸಿಗಾಳಿ ಊದುತ್ತ, ಅಂಗೈ ಇಟ್ಟು ನೋಡುತ್ತಿದ್ದಳು. ಕೈ ತಡೆಯುವಷ್ಟೇ ಬಿಸಿ ಇರಬೇಕು. ಆಮೇಲೆ ಮೂಲೆಯನ್ನು ಉಗುರಲ್ಲಿ ಎಬ್ಬಿಸಿ, ಹಿಂದಕ್ಕೆ ಮಡಚಿಕೊಂಡು, ಗಾಡಿಯ ಮೈಗೆ ಒರಸಿದ ಹಾಗೆ ಎಳೆಯಬೇಕು. ನೆಟ್ಟಗೆ ಈಚೆಗೆ ಜಗ್ಗಿದರೆ ಕೆಟ್ಟಿತು. ಉಳಿದ ಅಂಟಿಗೆ ಸೀಮೆಎಣ್ಣೆಯಲ್ಲಿ ನೆನೆಸಿದ ಬಟ್ಟೆ ಹೊದಿಸಿ ಕಾಯಬೇಕು. ಕಾಯುತ್ತ ಅವಳು ಆ ಅಂಟಿಗೆ ಹಾಕುತ್ತಿದ್ದ ಶಾಪ ಇಲ್ಲಿ ಬರೆಯುವಂಥದ್ದಲ್ಲ.

ಕೆಲಸ ಕಲಿಸಿದ್ದು ಅಪ್ಪ. ಆ ಸ್ಟಿಕ್ಕರ್ ಅಂಗಡಿ ಅಪ್ಪನದು. ಕಲಿಯಬೇಕಾಗಿದ್ದವನು ತಮ್ಮ, ಆದರೆ ಸೀಮೆಎಣ್ಣೆ ವಾಸನೆಗೆ ಅವನಿಗೆ ವಾಂತಿ ಬರುತ್ತಿತ್ತು. ಅವಳಿಗೂ ಬರುತ್ತಿತ್ತು. ಅವಳನ್ನು ಯಾರೂ ಕೇಳಲಿಲ್ಲ, ಅಷ್ಟೇ. ಬಸ್ ಡ್ರೈವರನ ಕೈಹಿಡಿದು ಎರಡು ಬೀದಿ ಆಚೆ ಸಂಸಾರ ಹೂಡಿದ ಮೇಲೂ ಬೆಳಗಾದರೆ ಅಂಗಡಿಗೇ ಬರುತ್ತಿದ್ದಳು. ಅಪ್ಪನ ಮಂಡಿ ಕೈಕೊಟ್ಟ ಮೇಲೆ ಅವನು ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂತ, ಕೆಲಸವೆಲ್ಲ ಇವಳ ತಲೆಗೆ ಬಂತು. ಎದುರುಗಡೆ ಶೆಡ್ಡಿನ ಪೇಂಟರ್, "ಅಕ್ಕ, ನನ್ನ ಶೆಡ್ಡಲ್ಲಿ ಅರ್ಧ ಜಾಗ ನಿಂದು, ಬಂದುಬಿಡು" ಅಂತ ಕರೆಯುತ್ತಲೇ ಇದ್ದ. "ನಮ್ಮಪ್ಪನ ಅಂಗಡಿ ಬಿಟ್ಟು ಬರ್ತೀನಾ? ನಿಂಗೇನು ತಲೆ ಕೆಟ್ಟಿದೆಯಾ?" ಅಂತ ಬೈದು ಕಳಿಸುತ್ತಿದ್ದಳು.

ಅಂಗಡಿಗೊಂದು ವ್ಯಾನ್ ಇತ್ತು. ಅದರ ಬಾಗಿಲ ಮೇಲೆ ಕೆಂಪಕ್ಷರದಲ್ಲಿ 'ಅಪ್ಪ ಮತ್ತು ಮಕ್ಕಳು' ಅಂತಿತ್ತು. ಆ ಮಕ್ಕಳಲ್ಲಿ ಒಬ್ಬಳು ತಾನು ಅನ್ನೋದನ್ನು ಅವಳು ಯಾವತ್ತೂ ಅನುಮಾನಿಸಿದವಳಲ್ಲ. ಮಕ್ಕಳು ಅಂದರೆ ಗಂಡೂ ಸೈ, ಹೆಣ್ಣೂ ಸೈ ತಾನೇ?

ತಮ್ಮ ಫೋನಿನ ಅಂಗಡಿ ಇಟ್ಟ, ಮುಚ್ಚಿದ. ಜಿಮ್ ಇಟ್ಟ, ಅದೂ ಮುಚ್ಚಿತು. ಕೊನೆಗೆ ವಾಪಸ್ ಬಂದು ಕ್ಯಾಷ್ ಮೇಜಿನ ಹಿಂದೆ ಕೂತ. ಬಂದವನು ಒಂದು ದಿನ ಬೆಳಗ್ಗೆ ಕಂಕುಳಲ್ಲಿ ಒಂದು ಸುರುಳಿ ಇಟ್ಟುಕೊಂಡು, "ಅಕ್ಕ, ನಮ್ಮ ವ್ಯಾನಿಂದು ಹಳೇ ಸ್ಟಿಕ್ಕರ್ ತೆಗೆದುಬಿಡು. ಹೊಸದು ಮಾಡಿಸಿದೀನಿ. ನಿನ್ನಷ್ಟು ನೀಟಾಗಿ ಇನ್ಯಾರು ತೆಗೀತಾರೆ?" ಅಂದ.

ಅವಳು ಸುರುಳಿ ಬಿಚ್ಚಿದಳು. 'ಅಪ್ಪ ಮತ್ತು ಮಗ'.

ಮೈಯೆಲ್ಲ ಉರಿದುಹೋಯ್ತು.

"ಮಕ್ಕಳು ಎಲ್ಲಿಗೆ ಹೋದ್ರೋ?"

"ಅಯ್ಯೋ, ಮಕ್ಕಳು ಅಂದ್ರೆ ಏನೋ ಅಂಗನವಾಡಿ ಹಾಗೆ ಕೇಳುತ್ತೆ ಅಕ್ಕ. ಅಲ್ದೆ ನೀನೀಗ ಆ ಮನೆಯವಳು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅಂತ ದೊಡ್ಡೋರು ಸುಮ್ನೆ ಹೇಳಿದಾರಾ?"

"ಓಹೋ! ಕುಲಕ್ಕೆ ಹೊರಗು, ಕೂಲಿಗೆ ಮಾತ್ರ ಒಳಗೋ?"

ಅವನು ಹಲ್ಲು ಕಿರಿದ. ಅವನ ಹತ್ತಿರ ಏನು ಮಾತು! ಅವಳು ಸೀದಾ ಅಪ್ಪನ ಕುರ್ಚಿಯ ಮುಂದೆ ಹೋಗಿ ನಿಂತಳು. ಅವಳಿಗೆ ಅಂಗಡಿ ಬರೆದುಕೊಡು ಅಂತ ಕೇಳೋದಿರಲಿಲ್ಲ. ಇದು ನಿಂದೂ ಹೌದು ಕಣೆ ಅಂತ ಅಪ್ಪ ಒಂದು ಸಲ ಬಾಯಿಬಿಟ್ಟು ಹೇಳಿದ್ದರೆ ಸಾಕಿತ್ತು.

"ಅಪ್ಪ, ಅವತ್ತು ಮಕ್ಕಳು ಅಂತ ಬರೆಸಿದೆಯಲ್ಲ, ಅದರಲ್ಲಿ ನಾನಿದ್ದೆನೋ, ಇಲ್ಲವೋ? ಒಂದೇ ಮಾತು ಹೇಳು."

ಅಪ್ಪ ಮಂಡಿ ನೀವಿಕೊಂಡ. ನೆಲ ನೋಡಿದ. "ಗಂಡು ಹುಡುಗ, ಅವನಿಗೂ ಒಂದು ನೆಲೆ ಅಂತ ಬೇಡ್ವೇನಮ್ಮ? ಹೆಸರು ಅವನದಿರಲಿ ಬಿಡು. ಕೆಲಸ ಹೇಗಿದ್ರೂ ನೀನೇ ತಾನೇ ಮಾಡೋದು?"

ಕೇಳಿದಿರಾ ಮಾತನ್ನ? ಗೆದ್ದಲು ಕಟ್ಟಿದ ಹುತ್ತ ಹಾವಿಗೆ ಮನೆಯಾಯ್ತು ಅಂತಾರಲ್ಲ, ಇಲ್ಲಿ ಹಾವು ಒಳಗೆ ಬಂದು ಕೂತಿದ್ದೂ ಅಲ್ಲದೆ ಗೋಡೆಗೆ ಮಣ್ಣು ಮೆತ್ತೋಕೆ ಗೆದ್ದಲನ್ನೇ ಕರೆಯುತ್ತಿತ್ತು! ಸಿಡಿಲಕ್ಕನಿಗೆ ಕೂಗಬೇಕು ಅನ್ನಿಸಿತು. ಅದರ ಬದಲು ಹೀಟ್ ಗನ್ನಿನ ವೈರು ಕಿತ್ತು ಸುತ್ತತೊಡಗಿದಳು.

"ಮಗ ಇದಾನಲ್ಲ, ಮಗನೇ ಕೀಳಲಿ."

"ಅದೇನು ಬ್ರಹ್ಮವಿದ್ಯೆ ಅಂದ್ಕೊಂಡ್ಯಾ?" ಅಂತ ತಮ್ಮ ತೋಳು ಮಡಚಿ ಎದ್ದ.

ಆ ಬಾಗಿಲಿನದು ಕಂಪನಿ ಬಣ್ಣವಲ್ಲ. ಹಿಂದೊಮ್ಮೆ ಇದೇ ಪುಣ್ಯಾತ್ಮ ರಿವರ್ಸ್ ತೆಗೆಯುವಾಗ ಕಂಬಕ್ಕೆ ಗುದ್ದಿ, ಅಪ್ಪನಿಗೆ ಗೊತ್ತಾಗಬಾರದು ಅಂತ ಗೆಳೆಯನೊಬ್ಬನ ಕೈಲಿ ತರಾತುರಿಯಲ್ಲಿ ಬಣ್ಣ ಹೊಡೆಸಿ, ಅದೇ ಅಕ್ಷರ ಹೊಸದಾಗಿ ಮಾಡಿಸಿ ಅಂಟಿಸಿದ್ದ. ತಗಡನ್ನು ಸರಿಯಾಗಿ ಉಜ್ಜಿಯೂ ಇರಲಿಲ್ಲ. ಅಂಥ ಬಣ್ಣಕ್ಕಿಂತ ಸ್ಟಿಕ್ಕರಿನ ಅಂಟೇ ಗಟ್ಟಿ. ಸುಮ್ಮನಿದ್ದುಬಿಡಬಹುದಿತ್ತು, ಆದರೆ ಹಾಳು ನಾಲಿಗೆ ಕೇಳಲಿಲ್ಲ. "ಅದು ಮೇಲಿಂದ ಹೊಡೆದ ಬಣ್ಣ ಕಣೋ, ಬಿಸಿ ಮಾಡದೆ ಎಳೀಬೇಡ" ಅಂದಳು.

"ನಂಗೂ ಗೊತ್ತು ಬಿಡಕ್ಕ." ಅಂದವನೇ 'ಮಕ್ಕಳು' ಅನ್ನೋದರ ತುದಿ ಹಿಡಿದು ನೆಟ್ಟಗೆ ಈಚೆಗೆ ಜಗ್ಗಿದ.

ಚರಕ್ ಅಂತು. ಅಕ್ಷರದ ಬೆನ್ನಿಗೆ ಅಂಟಿಕೊಂಡು ಬಣ್ಣವೂ ಬಂತು. ಸಿಟ್ಟಿಗೆ ಇನ್ನೊಂದು ಎಳೆದ, ಮತ್ತೊಂದು ಎಳೆದ. ಎಲ್ಲ ಕಿತ್ತು ಮುಗಿದಾಗ ಬಾಗಿಲಲ್ಲಿ ಬರೀ ತಗಡು, ಅದೂ ಅಕ್ಷರದ ಆಕಾರದಲ್ಲೇ. ಅಂಚು ಹರಿದಿದ್ದರೂ 'ಮಕ್ಕಳು' ಅಂತ ರಸ್ತೆ ಆಚೆಯಿಂದಲೂ ಓದಬಹುದಿತ್ತು. ಪೇಂಟರ್ ತನ್ನ ಶೆಡ್ಡಿನ ಬಾಗಿಲಲ್ಲಿ ನಿಂತು ಓದಿ, ಬಾಯಿಗೆ ಕೈ ಅಡ್ಡ ಹಿಡಿದುಕೊಂಡ.

ಅಪ್ಪ ಕುರ್ಚಿಯಿಂದ ಕಿರುಚಿದ. ಯಾರ ಮೇಲೆ ಅಂತೀರಿ? ಮಗಳ ಮೇಲೆ!

"ನೀನು ಇದ್ದೂ ಹೀಗಾಗೋಕೆ ಬಿಟ್ಟೆಯಲ್ಲೇ!"

"ಇದ್ದೆನಾ?" ಈಗ ಅವಳು ಕೂಗಿಯೇಬಿಟ್ಟಳು. ಗ್ಯಾರೇಜು ಸಾಲಿನವರೆಲ್ಲ ಕೆಲಸ ನಿಲ್ಲಿಸಿ ತಿರುಗಿದರು. "ಎಲ್ಲಿದ್ದೆ? ತೋರಿಸಪ್ಪ! ಆ ಸುರುಳಿ ಬಿಚ್ಚಿ ತೋರಿಸು, ಯಾವ ಅಕ್ಷರದಲ್ಲಿದ್ದೆ ನಾನು? ಕೆಟ್ಟಾಗ ಮಾತ್ರ ಇದ್ದೆನಾ? ಉಗುರು ಸವೆಸಿದ್ದು ನಾನು, ವಿಷದ ಗಾಳಿ ಕುಡಿದಿದ್ದು ನಾನು, ಬಸುರಿಯಾಗಿದ್ದಾಗಲೂ ಬಗ್ಗಿ ಕೆಲಸ ಮಾಡಿದ್ದು ನಾನು. ಹೆಸರು ಬರೆಯೋ ಹೊತ್ತಿಗೆ ಇಲ್ಲದವಳು, ಬೈಯೋ ಹೊತ್ತಿಗೆ ಎಲ್ಲಿಂದ ಬಂದೆ?"

ಅವಳು ಹೀಟ್ ಗನ್ ಕಂಕುಳಿಗೆ ಸೇರಿಸಿದಳು. ಅದು ಅವಳು ಕೊಂಡದ್ದು. ಬಟ್ಟೆ, ಸೀಮೆಎಣ್ಣೆ, ವ್ಯಾನಿನ ಕೀ ಎಲ್ಲ ಅಲ್ಲೇ ಬಿಟ್ಟು, ಕಣ್ಣೊರಸಿಕೊಂಡು ರಸ್ತೆಗಿಳಿದಳು. ಅಳು ಬಂದಿದ್ದಕ್ಕೂ ಅವಳಿಗೆ ಸಿಟ್ಟೇ ಬಂತು.

ಆಗ ಅಪ್ಪನಿಗೆ ಭಯವಾಯಿತು. ಕುರ್ಚಿಯ ಕೈ ಹಿಡಿದು ಅರ್ಧ ಎದ್ದವನು, ಅವಳು ಜ್ವರ ಬಂದು ಮಲಗಿದ ದಿನಗಳಲ್ಲಿ ತಲೆ ಸವರುತ್ತ ಕರೆಯುತ್ತಿದ್ದ ಹಾಗೆ ಕೂಗಿದ.

"ಮಗನೇ! ಹೋಗಬೇಡ ಮಗನೇ!"

"ನಾನೆಲ್ಲಿ ಹೋದೆ ಅಪ್ಪ, ಇಲ್ಲೇ ಇದೀನಲ್ಲ" ಅಂದ ತಮ್ಮ.

"ಥೂ, ನಿನ್ನನ್ನಲ್ಲ ಕಣೋ!"

ಸಿಡಿಲಕ್ಕನಿಗೆ ಅದು ಕೇಳಿಸಿತು. ರಸ್ತೆಯ ನಡುವೆ ನಿಂತಳು. ತಿರುಗಿ ಅಪ್ಪನನ್ನೇ ನೋಡಿದಳು.

"ಹಾಗಂತ ಬಾಗಿಲ ಮೇಲೆ ಬರೆಸಪ್ಪ. ಆಮೇಲೆ ಕರಿ" ಅಂದು, ಎದುರು ಶೆಡ್ಡಿನ ಕಡೆ ನಡೆದಳು.