ಮಾವನ ಮೋಟಾರಿಗೆ ಔಡಲೆಣ್ಣೆ

ಆ ಕಾಲದಲ್ಲಿ ನಮ್ಮ ಕುಷ್ಟಗಿಯ ರಸ್ತೆಯಲ್ಲಿ ಮೋಟಾರಿನ ಸದ್ದು ಕೇಳಿತೆಂದರೆ, ಆಣೆಕಲ್ಲು ಆಡುತ್ತಿದ್ದ ನಾವು ಮೇಲೆ ತೂರಿದ ಕಲ್ಲು ಕೆಳಗೆ ಬೀಳುವ ಮೊದಲೇ ಎದ್ದು ಓಡುತ್ತಿದ್ದೆವು. ದೂರದಲ್ಲೆಲ್ಲೋ ದೊಡ್ಡ ಯುದ್ಧ ನಡೆದಿತ್ತು. ಅದು ನಮ್ಮ ಪಾಲಿಗೆ ಸೀಮೆಎಣ್ಣೆ ಸಿಗದ ಕಾಲ, ಅಷ್ಟೇ. ಪೆಟ್ರೋಲಿಗೆ ಕೂಪನ್ನು, ಟೈರಿಗೆ ಅರ್ಜಿ. ಇದ್ದ ಮೋಟಾರುಗಳೇ ಒಂದೊಂದಾಗಿ ಮೂಲೆ ಸೇರುತ್ತಿದ್ದಾಗ ನಮ್ಮ ಮಲ್ಲಪ್ಪ ಮಾವ, ಅಂದರೆ ಅವ್ವನ ತಮ್ಮ, ತನ್ನ ಜೋಡೆತ್ತು, ಚಕ್ಕಡಿ ಎರಡನ್ನೂ ಮಾರಿ ಒಂದು ಹಳೇ ಮೋಟಾರು ಕೊಂಡು ತಂದ.

ಅದನ್ನು ನಿಲ್ಲಿಸಿದ್ದು ನಮ್ಮ ಗಾಣದ ಮನೆಯ ಅಂಗಳದಲ್ಲಿ. ಊರ ಮಂದಿ ಜಾತ್ರೆಯ ಹಾಗೆ ಬಂದು ನೋಡಿದರು. "ಮಲ್ಲಪ್ಪ, ಇದಕ್ಕ ಸೊಪ್ಪಿ ಹಾಕ್ತಿಯೋ, ಹೊಟ್ಟ ಹಾಕ್ತಿಯೋ?" ಎಂದು ಒಬ್ಬ ಕೇಳಿದರೆ, "ಮೊದಲ ಇದು ಹಾಲ ಹಿಂಡ್ತೈತೇನು ಕೇಳ್ರಿ" ಎಂದು ಇನ್ನೊಬ್ಬ. ಮಾವ ನಗುತ್ತಲೇ ಮೋಟಾರಿನ ಧೂಳು ಒರೆಸಿದ. ಒಂದು ಮದುವೆ ಮನೆಯವರು ಬೇವೂರಿನಿಂದ ಮದುಮಗನನ್ನು ಕರೆತರಲು ಈ ಮೋಟಾರೇ ಎಂದು ಆಗಲೇ ಮಾತು ಕೊಟ್ಟಿದ್ದರು. ಪೆಟ್ರೋಲ್ ಕೂಪನ್ನು ಅವರದೇ. ಸೋಮವಾರ ಗಾಡಿ ಹೋಗಬೇಕು. ಅದು ಸರಿಹೋದರೆ ಮಾವ ಮೋಟಾರಿನ ಮಾಲಕ. ಕೆಟ್ಟು ನಿಂತರೆ ಎತ್ತೂ ಇಲ್ಲ, ಮೋಟಾರೂ ಇಲ್ಲ. ಮಂದಿಯ ಚಕ್ಕಡಿ ಹೊಡೆಯುವ ಕೂಲಿ.

ನನಗಾಗ ಹತ್ತು ವರ್ಷ. ಹಸಿ ಹಿಂಡಿಯ ವಾಸನೆಯಲ್ಲೇ ಬೆಳೆದವಳು. ಶೇಂಗಾ, ಕುಸುಬಿ, ಗುರೆಳ್ಳು, ಕೆಲವರು ಹರಳು ಎನ್ನುವ ಔಡಲ, ಯಾವ ಎಣ್ಣೆಯಾದರೂ ಕಣ್ಣು ಮುಚ್ಚಿ ಹೇಳುತ್ತಿದ್ದೆ. "ಎಣ್ಣಿಗೆ ಹೆಸರ ಕೇಳಬಾರ್ದಬೇ ಗಂಗಿ, ಕೆಲಸ ಕೇಳಬೇಕು" ಎನ್ನುತ್ತಿದ್ದಳು ಅವ್ವ. ಮುಂದೆ ನಾನು ನಾಲ್ಕು ಸಂತೆಯಲ್ಲಿ ಎಣ್ಣೆ ಮಾರಿ ಬದುಕು ಕಟ್ಟಿಕೊಂಡದ್ದು ಈ ಒಂದು ಮಾತಿನ ಮೇಲೆ. ನೀವೂ ಏನಾದರೂ ಕೊಳ್ಳುವಾಗ ನೆನಪಿಟ್ಟುಕೊಳ್ಳಿ.

ಶುಕ್ರವಾರ ಖಾಜಾಸಾಬ ಗಾಡಿ ಓಡಿಸಿ ನೋಡಿದ. ಹಿಂದಿನ ಧಣಿಗಳ ಹತ್ತಿರ ಇದೇ ಮೋಟಾರು ಹೊಡೆದಿದ್ದವನು ಅವನು. ಗೇರು ಬದಲಿಸಿದಾಗಲೆಲ್ಲ ಬೀಸುಕಲ್ಲಿಗೆ ಕಡಲೆಯ ಬದಲು ಹರಳುಕಲ್ಲು ಹಾಕಿದಂಥ ಸದ್ದು. ಕೆಳಗೆ ತೂರಿ ನೋಡಿ ಹೊರಬಂದ.

"ಗೇರ್ ಡಬ್ಬಿ ಒಣಗಿ ಹೋಗೈತ್ರಿ ಮಲ್ಲಣ್ಣ. ಸೋರಿದ ಜಾಗ ಬಂದ್ ಮಾಡೀನಿ. ಎಣ್ಣಿ ಬೇಕು. ನಾ ಹೊಸಪೇಟಿಗೆ ಹೋಗಿ ಹುಡುಕಿ ತರ್ತೀನಿ. ಅಲ್ಲೀತನ ಗಾಡಿ ಮುಟ್ಟಬ್ಯಾಡ್ರಿ, ನಿಮಗ ಖುದಾನ ಆಣಿ."

ಮುಟ್ಟಬೇಡ ಎಂದರೆ ಸುಮ್ಮನಿರುವ ಜಾತಿಯಲ್ಲ ನಮ್ಮ ಮಾವ. ಇಪ್ಪತ್ತು ವರ್ಷ ಚಕ್ಕಡಿ ಹೊಡೆದ ಕೈ. ಗಾಲಿ ಕಿರ್ ಎಂದರೆ ಏನು ಮಾಡಬೇಕು? ಹುಲ್ಲು ಸುಟ್ಟ ಕರಿಬೂದಿಯನ್ನು ಔಡಲೆಣ್ಣೆಯಲ್ಲಿ ಕಲಸಿ ಕೀಲೆಣ್ಣೆ ಮಾಡಿ ಅಚ್ಚಿಗೆ ಮೆತ್ತಬೇಕು. ಬೂದಿ ಇದ್ದರೆ ಎಣ್ಣೆ ಜಾರಿ ಸೋರುವುದಿಲ್ಲ. ಇದು ನಮ್ಮ ಸೀಮೆಯ ಕೂಸಿಗೂ ಗೊತ್ತು.

"ಸೋರೂದಾ ರೋಗ ಅಂದಮ್ಯಾಲ ಕೀಲೆಣ್ಣಿಗಿಂತ ಔಷಧ ಯಾವ್ದೈತಿ?" ಎಂದ ಮಾವ. ನನಗೂ ಹೌದೆನಿಸಿತು. ಹುಲ್ಲು ಸುಟ್ಟು ಬೂದಿ ಜರಡಿ ಹಿಡಿದವಳು ನಾನೇ. ಮನೆಯಲ್ಲಿದ್ದ ಔಡಲೆಣ್ಣೆಯೆಲ್ಲ ಅದಕ್ಕೇ ಖರ್ಚಾಯಿತು. ಗೇರ್ ಡಬ್ಬಿಗೆ ಸುರಿದು, ಇಂಜಿನ್ನು ಚಾಲೂ ಮಾಡಿ ಮಾವ ಅಂಗಳದಲ್ಲೇ ಹಿಂದೆ ಮುಂದೆ ಆಡಿಸಿದ. ಸದ್ದು ಅಡಗಿತ್ತು! ನಾವಿಬ್ಬರೂ ಕುಣಿದೆವು. ಹುರಿದ ಶೇಂಗಾ, ಬೆಲ್ಲ ಬಾಯಿಗೆ ಹಾಕಿಕೊಂಡು ಮೋಟಾರಿನ ಮೆಟ್ಟಿಲ ಮೇಲೆ ರಾಜರಂತೆ ಕೂತೆವು.

ಶನಿವಾರ ಮಧ್ಯಾಹ್ನ ಖಾಜಾಸಾಬ ಬಂದ. ಡಬ್ಬಿಯೊಳಗೆ ಬೆರಳಾಡಿಸಿ, ತೆಗೆದು ನೋಡಿ, ಕೂತಲ್ಲೇ ಹಣೆ ಬಡಿದುಕೊಂಡ.

"ಯಾ ಅಲ್ಲಾ! ಬೂದಿ ಹಾಕೀರೇನ್ರಿ? ಇದು ಕಟಗಿ ಗಾಲಿ ಅಲ್ರಿ. ಕಬ್ಬಿಣಕ್ಕ ಕಬ್ಬಿಣ ತಿಕ್ಕತೈತಿ. ನಡುವ ಬೂದಿ ಬಂದ್ರ ಅದು ಎಣ್ಣಿ ಅಲ್ಲ, ಸಾಣೆಕಲ್ಲು!"

ಮಾವನ ಮುಖ ಕೀಲೆಣ್ಣೆಗಿಂತ ಕಪ್ಪಾಯಿತು. "ಹಲ್ಲು ಸವದಾವೇನ್ಲೆ ಖಾಜಾ?"

"ಇನ್ನೂ ದೂರ ಓಡಿಸಿಲ್ಲ, ಅದಕ್ಕ ಉಳದಾವ. ಬೇವೂರಿಗೆ ಹೋಗಿದ್ರ ಮದುಮಗ ನಡಕೋತ ಬರ್ತಿದ್ದ."

ಗೇರ್ ಡಬ್ಬಿಯೊಳಗಿನದನ್ನು ಅಗಲವಾದ ಪರಾತಕ್ಕೆ ಬಸಿದರು. ಕರಿ ಕೆಸರಿನಲ್ಲಿ ಹಳದಿ ಮಿಣುಕು. "ಒಳಗ ಹಿತ್ತಾಳಿ ಬುಶ್ ಅದಾವ, ಅಚ್ಚು ತಿರುಗೂ ಬಳಿ, ಅವು ತುಸು ಸವದಾವ" ಎಂದ ಖಾಜಾಸಾಬ. ಸೀಮೆಎಣ್ಣೆಯಲ್ಲಿ ತೊಳೆಯೋಣವೆಂದರೆ ಅದು ದೀಪಕ್ಕೇ ಇರಲಿಲ್ಲ. ಅವ್ವ ಶೇಂಗಾ ಎಣ್ಣೆ ಬೆಚ್ಚಗೆ ಮಾಡಿ ಕೊಟ್ಟಳು. ಬಸಿದ ಎಣ್ಣೆ ತಿಳಿಯಾಗುವವರೆಗೆ ಮೂರು ಸಲ ತೊಳೆದರು. ಗೇರಿನ ಹಲ್ಲಿಗೆ ಬಿದ್ದಷ್ಟು ಶೇಂಗಾ ಎಣ್ಣೆ ನಮ್ಮ ಬಾಯಿಗೆ ಒಂದು ವರ್ಷದಲ್ಲೂ ಬಿದ್ದಿರಲಿಲ್ಲ.

"ಕುಸುಬಿ ಎಣ್ಣಿ ಗಡಗಿ ತುಂಬ ಐತಲ್ಲ, ಅದನ್ನಾ ಹಾಕಿಬಿಡೋಣ" ಎಂದ ಮಾವ.

ಅವ್ವ ಗಡಿಗೆಯ ಕಂಠ ತೋರಿಸಿದಳು. ಸೋರಿದ ಕುಸುಬಿ ಎಣ್ಣೆ ಅಲ್ಲಿ ಅಂಟಂಟಾಗಿ, ಗೋಂದಿನ ಹಾಗೆ ಗಟ್ಟಿಯಾಗಿತ್ತು. "ಆರಿದ್ರ ಹಿಂಗಾಕ್ಕತಿ. ನಿನ್ನ ಗೇರ ಒಂದಕ್ಕೊಂದು ಅಂಟಿ ಕುಂತಾವು."

ಆಗ ಖಾಜಾಸಾಬ ಹೊಸಪೇಟೆಯಿಂದ ತಂದ ಎಣ್ಣೆ ಡಬ್ಬಿಯನ್ನು ಹಮ್ಮಿನಿಂದ ಮುಂದಿಟ್ಟ. "ಮಿಲಿಟರಿ ಮಾಲ್ರಿ ಇದು. ಲಾರಿ ಹಿಂದಿನ ಅಚ್ಚಿಗೆ ಹಾಕ್ತಾರ. ಇದರ ಮುಂದ ಮತ್ತ ಎಣ್ಣಿ ಇಲ್ಲ."

ನಾನು ಮೂಸಿದೆ. ಪಟಾಕಿ ಸುಟ್ಟ ಅಂಗಳದ ವಾಸನೆ. ಗಂಧಕ! ದೀಪಾವಳಿಯ ಮರುದಿನ ನಮ್ಮ ಜಗುಲಿಯ ಹಿತ್ತಾಳೆ ದೀಪ ಅದರ ಹೊಗೆಗೆ ಕಪ್ಪುಗಟ್ಟಿರುತ್ತಿತ್ತು, ಹುಣಸೆಹಣ್ಣು ಹಾಕಿ ತಿಕ್ಕುವ ಪಾಳಿ ನನ್ನದೇ.

"ಮಾವ, ಇದು ಹಿತ್ತಾಳಿ ತಿಂತೈತಿ" ಎಂದೆ.

"ಏ ಹುಡುಗಿ, ಮಿಲಿಟರಿಯವ್ರು ಹುಚ್ಚರೇನು?" ಖಾಜಾಸಾಬ ರೇಗಿದ.

"ಅವರ ಲಾರಿ ಅಚ್ಚಿನಾಗ ಹಿತ್ತಾಳಿ ಇರಲಿಕ್ಕಿಲ್ಲ ತಮ್ಮಾ" ಎಂದಳು ಅವ್ವ. "ಜಗಳ ಯಾಕ? ಒಲಿ ಐತಿ, ಚಮಚ ಅದಾವ."

ಅವನ ಎಣ್ಣೆಯನ್ನು ಒಂದು ಬಟ್ಟಲಿಗೆ ಹಾಕಿದೆವು. ಶೀಸೆಯ ತಳದಲ್ಲಿ ಉಳಿದಿದ್ದ ತುಸು ಔಡಲೆಣ್ಣೆಯನ್ನು ಇನ್ನೊಂದಕ್ಕೆ. ಎರಡರಲ್ಲೂ ತೊಳೆದ ಹಿತ್ತಾಳೆ ಚಮಚ ಇಟ್ಟು ಬೂದಿಗೆಂಡದ ಮೇಲೆ ಕೂರಿಸಿದೆವು. ಎಲ್ಲರೂ ಸಜ್ಜೆರೊಟ್ಟಿ, ಗುರೆಳ್ಳ ಚಟ್ನಿ ತಿಂದೆವು. ಯಾರಿಗೂ ರುಚಿ ಹತ್ತಲಿಲ್ಲ, ಕಣ್ಣೆಲ್ಲ ಒಲೆಯ ಕಡೆ. ಊಟ ಮುಗಿಸಿ ತೆಗೆದರೆ ಮಿಲಿಟರಿ ಎಣ್ಣೆಯ ಚಮಚ ಕಾಗೆಯ ರೆಕ್ಕೆ, ಔಡಲೆಣ್ಣೆಯದು ಹಾಕಿದಾಗ ಇದ್ದ ಬಂಗಾರ.

ಮಾವ ಎರಡನ್ನೂ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ. ಒಂದು ಕಡೆ ಮೋಟಾರು ಬಲ್ಲವನ ಮಾತು, ಇನ್ನೊಂದು ಕಡೆ ನಿನ್ನೆ ತಾನೇ ಬೂದಿ ಜರಡಿ ಹಿಡಿದ ಹುಡುಗಿಯದು. ಕಡೆಗೆ, "ಖಾಜಾ, ನಿನ್ನ ಡಬ್ಬಿ ಮುಚ್ಚಿಡು. ಗಂಗಿ, ಔಡಲೆಣ್ಣಿ ತರಾಕ ನಡಿ" ಎಂದ.

ಓಣಿಯ ಕೊನೆಯಲ್ಲಿ ಮುದುಕಿ ಹನುಮವ್ವ ಔಡಲ ಬೀಜ ಹುರಿದು, ಕುಟ್ಟಿ, ನೀರಲ್ಲಿ ಕುದಿಸಿ ಎಣ್ಣೆ ತೆಗೆಯುತ್ತಿದ್ದಳು. ಕುದಿಸಿದ ಎಣ್ಣೆಯಲ್ಲಿ ನೀರು ಉಳಿದರೆ ಕಬ್ಬಿಣಕ್ಕೆ ತುಕ್ಕು. ನಾನು ಅರಳೆಯ ಬತ್ತಿ ಅದ್ದಿ ಹಚ್ಚಿದೆ. ಚಟಚಟ ಎಂದಿತು.

"ಯಮ್ಮಾ, ನೀರು ಮಾರ್ತಿಯೇನು?"

"ಅಯ್ಯ ನಿನ್ನ ನಾಲಿಗಿಗೆ ಬರಿ ಹಾಕ! ಮೊಳದುದ್ದ ಇಲ್ಲ, ನನಗ ಪರೀಕ್ಷಾ ಮಾಡ್ತಿ?" ಎಂದು ಬೈಯುತ್ತಲೇ ಒಳಗಿನ ಗಡಿಗೆ ತೆಗೆದಳು. ಅದರ ಬತ್ತಿ ತುಟಿಪಿಟಕ್ಕೆನ್ನದೆ ಉರಿಯಿತು. "ಇದು ಬಾಣಂತಿಗೆ ಇಟ್ಟದ್ದು. ಕೊಡೂದಿಲ್ಲ."

ಹಿಂಡಿ ಕೊಡುತ್ತೇನೆಂದೆ, ಬೇಡವೆಂದಳು. ಶೇಂಗಾ ಎಂದೆ, ಹಲ್ಲಿಲ್ಲವೆಂದಳು. ಬೇಡ ಬೇಡ ಎನ್ನುತ್ತಲೇ ಕುತ್ತಿಗೆ ಉದ್ದ ಮಾಡಿ ನಮ್ಮ ಅಂಗಳದ ಕಡೆ ನೋಡುತ್ತಿದ್ದಳು. ಚೌಕಾಸಿಯಲ್ಲಿ ಬಾಯಿಯ ಮಾತಲ್ಲ, ಕಣ್ಣಿನ ದಾರಿ ನೋಡಬೇಕು.

"ಮೋಟಾರದಾಗ ಬೇವೂರತನ ಕರಕೊಂಡು ಹೋಗ್ತೀವಿ."

"ಮುಂದಿನ ಗಾದಿ?"

"ಮುಂದಿಂದಾ."

ಗಡಿಗೆ ನನ್ನ ಕೈಗೆ ಬಂತು.

ಆ ಎಣ್ಣೆಯನ್ನೇ ಗೇರ್ ಡಬ್ಬಿಗೆ ತುಂಬಿ ಸೋಮವಾರ ಬೆಳಗ್ಗೆ ಹೊರಟೆವು. ಸ್ಟೇರಿಂಗಿಗೆ ಖಾಜಾಸಾಬ, ಪಕ್ಕದಲ್ಲಿ ಇಳಕಲ್ ಸೀರೆ ಉಟ್ಟು ಮದುಮಗಳಂತೆ ಹನುಮವ್ವ, ಹಿಂದೆ ನಾನು, ಮಾವ. ದಾರಿಯ ಹಳ್ಳದಲ್ಲಿ ಇಳಿದದ್ದೇನೋ ಇಳಿದೆವು. ಆಚೆ ದಂಡೆ ಗೋಡೆಯ ಹಾಗೆ ನಿಂತಿತ್ತು. ಖಾಜಾಸಾಬ ಒಂದನೇ ಗೇರಿಗೆ ಹಾಕಿದ. ಮಾವ ಉಸಿರು ಹಿಡಿದು ನನ್ನ ಕೈ ಹಿಚುಕಿದ. ಮೋಟಾರು ನಡುಗಿತು, ಉಸುಕು ಉಗುಳಿತು, ಏರಿತು, ಏರಿತು. ಮೇಲೆ ಬಂದು ಎರಡನೇ ಗೇರು ಬಿದ್ದಾಗ ಬೆಣ್ಣೆಯಲ್ಲಿ ಚಾಕು ಇಳಿದಷ್ಟೇ ಸದ್ದು.

"ಶಾಬಾಶ್!" ಖಾಜಾಸಾಬ ಹಿಂದೆ ತಿರುಗಿ ನನ್ನ ನೋಡಿದ. "ಮಿಲಿಟರಿ ಸೋತ್ತು ನೋಡ್ರಿ!"

"ಮುಂದ ನೋಡೋ ಸಾಬಾ, ನಾ ಇನ್ನೂ ಬದುಕಬೇಕು!" ಹನುಮವ್ವ ಚೀರಿದಳು.

ಬೇವೂರಿನಲ್ಲಿ ಮದುಮಗ ಬಾಸಿಂಗ ಕಟ್ಟಿಕೊಂಡು ಕಾಯುತ್ತಿದ್ದ. ಊರ ಹುಡುಗರೆಲ್ಲ ಹಿಂದೆ ಓಡಿ ಬಂದರು. ಮಾವ ಕೆಳಗಿಳಿದು ಮೋಟಾರಿನ ಮೂತಿಯನ್ನು, ಮಾರಿದ ಎತ್ತಿನ ಹಣೆ ಸವರುತ್ತಿದ್ದ ಹಾಗೆಯೇ ಸವರಿದ. ಅವನು ಮತ್ತೆಂದೂ ಇನ್ನೊಬ್ಬರ ಚಕ್ಕಡಿ ಹೊಡೆಯಲಿಲ್ಲ.

ಈಚೆಗೆ ಕೊಪ್ಪಳದಲ್ಲಿ ಒಬ್ಬ ಹುಡುಗ ಹಳೇ ಕಾರೊಂದರ ಗೇರ್‌ಬಾಕ್ಸಿಗೆ ಎಣ್ಣೆ ಹಾಕುತ್ತಿದ್ದ. ನನ್ನ ಚಾಳಿ ಬಿಡುತ್ತದೆಯೇ? "ಒಳಗ ಹಿತ್ತಾಳಿ ಐತೇನಪಾ? ಈ ಎಣ್ಣಿ ಅದಕ್ಕ ಆಗಿಬರ್ತೈತೇನು?" ಎಂದೆ. ಅವನು ಡಬ್ಬಿಯ ಚಿತ್ರ ತೋರಿಸಿದ: "ಭಾರಿ ಕಂಪನಿದೈತಿ ಅಜ್ಜಿ, ಎಲ್ಲಾದಕ್ಕೂ ನಡೀತೈತಿ."

ಈಗ ನೂರು ನಮೂನೆಯ ಒಳ್ಳೆಯ ಎಣ್ಣೆಗಳು ಬರುತ್ತವೆ. ಯಾವ ಗಾಡಿಗೆ ಯಾವುದೆಂದು ಬರೆದಿಟ್ಟ ಪುಸ್ತಕವೂ ಬರುತ್ತದೆ. ಎಣ್ಣೆಗೆ ಬರವಿಲ್ಲ. ತನ್ನ ಇಡೀ ಬದುಕು ಅಂಗಳದಲ್ಲಿ ನಿಂತಿರುವಾಗಲೂ, ಸುರಿಯುವ ಮೊದಲು ಒಂದು ಊಟದ ಹೊತ್ತು ಸುಮ್ಮನೆ ಕಾದು ನೋಡುವ ಮಂದಿ ಮಾತ್ರ ಕಡಿಮೆಯಾದರು.